ನವರಾತ್ರಿಯ ಒಂಬತ್ತು ದಿನ ಯಾವ ದೇವಿ? ನವದುರ್ಗೆ, ತ್ರಿಮೂರ್ತಿ ದೇವಿಯರು, ಮಾತೃಕೆಯರು, ಕುಲದೇವಿ

ಠಾಣೆ_ಘೋಡಬಂದರ್
ಮುಂಬೈ ಹತ್ತಿರದ ಠಾಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕನ್ನಡದವರ ಮೂವತ್ತು ಮನೆಗಳಿವೆ. ಮೈಸೂರು ಕಡೆಯವರು, ಧಾರವಾಡ-ಕಲಬುರಗಿಯವರು, ಉಡುಪಿ-ಕಾರವಾರದವರು ಎಲ್ಲ ಇದ್ದಾರೆ. ಈ ಸಲ ಸಭಾಂಗಣದಲ್ಲಿ ಎರಡೂವರೆ ಅಡಿಯ ಮಣ್ಣಿನ ದುರ್ಗೆಯನ್ನಿಟ್ಟು ಒಂಬತ್ತು ದಿನ ಪೂಜೆ ಮಾಡುವುದೆಂದು ನಿಶ್ಚಯವಾಗಿದೆ. ದಿನಕ್ಕೊಂದು ರೂಪದ ಅಲಂಕಾರ ಬೇಕು. ಶೈಲಪುತ್ರಿಯಿಂದ ಸಿದ್ಧಿದಾತ್ರಿವರೆಗೆ ಮಾಡೋಣ ಎಂದು ಕೆಲವರು, ಮೂರು ದಿನ ಕಾಳಿ, ಮೂರು ದಿನ ಲಕ್ಷ್ಮಿ, ಮೂರು ದಿನ ಸರಸ್ವತಿ ಎಂದು ಕೆಲವರು. ಘಟ್ಟ (ಮಣ್ಣಿನಲ್ಲಿ ಕಾಳು ಬಿತ್ತಿ ನಡುವೆ ಕಲಶ ಇಡುವುದು) ಹಾಕದೆ ನವರಾತ್ರಿಯೇ ಇಲ್ಲ ಎಂದು ಉತ್ತರ ಕರ್ನಾಟಕದವರು. ಯಾವುದು ಯಾವುದರ ಜೊತೆ ಕೂಡುತ್ತದೆ? ಒಂಬತ್ತು ಬಣ್ಣಗಳ ಪಟ್ಟಿಯೂ ಬಂದಿದೆ, ಅದನ್ನು ಪಾಲಿಸಬೇಕೆ?

ಮಾಟುಂಗ_ಪಾರಾಯಣ
ಮೊದಲು ಈ ಪಟ್ಟಿಗಳು ಎಲ್ಲಿಂದ ಬಂದವು ಎಂದು ಬಿಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಶೈಲಪುತ್ರಿ, ಬ್ರಹ್ಮಚಾರಿಣಿ, ಚಂದ್ರಘಂಟಾ, ಕೂಷ್ಮಾಂಡಾ, ಸ್ಕಂದಮಾತಾ, ಕಾತ್ಯಾಯನಿ, ಕಾಳರಾತ್ರಿ, ಮಹಾಗೌರಿ, ಸಿದ್ಧಿದಾತ್ರಿ ಎಂಬ ಒಂಬತ್ತು ಹೆಸರು ಬರುವುದು ದೇವೀಕವಚದಲ್ಲಿ. ದೇವಿಯ ಮಹಿಮೆ ಹೇಳುವ 700 ಮಂತ್ರಗಳ ಗ್ರಂಥವಾದ ಸಪ್ತಶತಿ ಓದುವ ಮುನ್ನ ಹೇಳುವ ಅಂಗ ಅದು. ಸಪ್ತಶತಿಯ ಹದಿಮೂರು ಅಧ್ಯಾಯಗಳ ಕಥೆ ಈ ಒಂಬತ್ತರ ಮೇಲೆ ನಿಂತಿಲ್ಲ, ಮೂರು ಚರಿತಗಳ ಮೇಲೆ ನಿಂತಿದೆ. 1ನೇ ಅಧ್ಯಾಯ ಪ್ರಥಮ ಚರಿತ, ಮಧುಕೈಟಭರ ಕಥೆ, ದೇವತೆ ಮಹಾಕಾಳಿ. 2ರಿಂದ 4 ಮಧ್ಯಮ ಚರಿತ, ಮಹಿಷಾಸುರನ ವಧೆ, ದೇವತೆ ಮಹಾಲಕ್ಷ್ಮಿ. 5ರಿಂದ 13 ಉತ್ತಮ ಚರಿತ, ಶುಂಭನಿಶುಂಭರ ವಧೆ, ದೇವತೆ ಮಹಾಸರಸ್ವತಿ. ಮೂರು-ಮೂರು ದಿನದ ಪದ್ಧತಿಯ ಬೇರು ಇಲ್ಲಿದೆ.

ಇಲ್ಲಿ ಬಹಳ ಜನ ತಪ್ಪುವ ಒಂದು ಜಾಗವಿದೆ. ಈ ಮಹಾಲಕ್ಷ್ಮಿ ಎಂದರೆ ಎರಡು ಆನೆಗಳ ನಡುವೆ ಕಮಲದಲ್ಲಿ ಕೂತು ನಾಣ್ಯ ಸುರಿಸುವ ಚಿತ್ರವಲ್ಲ. ಧ್ಯಾನಶ್ಲೋಕದಂತೆ ಮಹಾಕಾಳಿಗೆ ಹತ್ತು ಮುಖ, ಹತ್ತು ಕೈ. ಮಹಾಲಕ್ಷ್ಮಿಗೆ ಹದಿನೆಂಟು ಕೈ, ಮಹಿಷನನ್ನು ಕೊಂದವಳೇ ಅವಳು. ಮಹಾಸರಸ್ವತಿಗೆ ಎಂಟು ಕೈ: ಗಂಟೆ, ಶೂಲ, ನೇಗಿಲು, ಶಂಖ, ಒನಕೆ, ಚಕ್ರ, ಬಿಲ್ಲು, ಬಾಣ. ಅವಳ ಕೈಯಲ್ಲಿ ವೀಣೆ ಇಲ್ಲ. ನಾಲ್ಕನೆಯ ದಿನ ಗಜಲಕ್ಷ್ಮಿ, ಏಳನೆಯ ದಿನ ವೀಣಾಪಾಣಿ ಮಾಡಿದರೆ ದೋಷವೇನಿಲ್ಲ. ಆದರೆ ಅದನ್ನು ಸಪ್ತಶತಿಯ ಕ್ರಮ ಎಂದು ಫಲಕದಲ್ಲಿ ಬರೆಸಬೇಡಿ.

ಮೂವರೂ ಒಟ್ಟಿಗಿರುವುದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮುಂಬೈಯ ಮಹಾಲಕ್ಷ್ಮಿ ಗುಡಿಯ ಗರ್ಭಗುಡಿಯಲ್ಲೇ ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ ಅಕ್ಕಪಕ್ಕ ಇದ್ದಾರೆ.

ಬಣ್ಣಗಳ ವಿಷಯ ಚಿಕ್ಕದು. ಭಾನುವಾರ ಕಿತ್ತಳೆ, ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಗಾಢ ನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು; ವಾರ ಮರುಕಳಿಸುವ ಕೊನೆಯ ಎರಡು ದಿನಕ್ಕೆ ಮಾತ್ರ ಬೇರೆ ಬಣ್ಣ. ಅದು ವಾರದ ಲೆಕ್ಕ, ದೇವಿಯ ರೂಪದ ಲೆಕ್ಕವಲ್ಲ. ಆದ್ದರಿಂದಲೇ ವರ್ಷ ವರ್ಷ ಪಟ್ಟಿ ಬದಲಾಗುತ್ತದೆ. ಹೆಂಗಳೆಯರು ಸೀರೆ ಹೊಂದಿಸಿಕೊಳ್ಳಲಿ, ಚೆಂದವೇ. ಮೂರ್ತಿಯ ಸೀರೆಯ ಬಣ್ಣವನ್ನು ಅದಕ್ಕೆ ಕಟ್ಟಿಹಾಕಬೇಡಿ. ಕಾಳರಾತ್ರಿಯ ದಿನ ಬಿಳಿ ಬಂದರೆ ರೂಪವೇ ಕೆಡುತ್ತದೆ.

ಕೊಥ್ರೂಡ್_ಧಾರವಾಡ
ಘಟ್ಟದ ಬಗ್ಗೆ ನಾ ಹೇಳ್ತೀನ್ರಿ. ಸಭಾಂಗಣಕ್ಕ ಒಂದು ಅಡಿ ಅಗಲದ ಬಿದಿರಿನ ಬುಟ್ಟಿ ಸಾಕು. ತಳಕ್ಕ ಮುತ್ತುಗದ ಎಲಿ ಹಾಸ್ರಿ, ಮ್ಯಾಲ ಎರಡು ಇಂಚು ಕರಿಮಣ್ಣು, ಹೆಂಟಿ ಒಡೆದು ಜರಡಿ ಹಿಡಿದಿದ್ದು. ಬರೇ ಎರೆಮಣ್ಣು ಹಾಕಿದ್ರ ಗಟ್ಟಿ ಕೂತು ನೀರು ನಿಲ್ತದ, ಮೂರು ಪಾಲಿಗೆ ಒಂದು ಪಾಲು ಉಸುಕು ಕೂಡಿಸ್ರಿ. ನಡುವ ಮಣ್ಣಿನ ಗಡಿಗಿ. ತಾಮ್ರದ ತಂಬಿಗಿ ಇಡೋರು ಇದ್ದಾರ, ಆದ್ರ ಮಣ್ಣಿನ ಗಡಿಗಿ ಬೆವರ್ತದ, ಸುತ್ತಲ ಮಣ್ಣು ತಾನ ಹಸಿ ಇರ್ತದ. ಗಡಿಗಿಯೊಳಗ ನೀರು, ಅರಿಷಿಣ, ಅಡಕಿ, ಒಂದು ನಾಣ್ಯ, ಬಾಯಿಗೆ ಐದು ವೀಳ್ಯದೆಲಿ, ಮ್ಯಾಲ ತೆಂಗಿನಕಾಯಿ.

ಕಾಳು: ಗೋಧಿ, ಭತ್ತ, ತೊಗರಿ, ಹೆಸರು, ಕಡಲಿ, ಅವರಿ, ಎಳ್ಳು, ಉದ್ದು, ಹುರುಳಿ. ಎಲ್ಲಾ ಸೇರಿ ನೂರು ಗ್ರಾಂ ಸಾಕಾಗ್ತದ, ಅದರಾಗ ಅರ್ಧ ಗೋಧಿನ ಇರಲಿ. ಅಂಗಡ್ಯಾಗ ನವಧಾನ್ಯದ ಪ್ಯಾಕೆಟ್ ತಗೊಂಡ್ರ ಅಕ್ಕಿ, ತೊಗರಿಬ್ಯಾಳಿ ಕೂಡಿಸಿರ್ತಾರ. ಅಕ್ಕಿಗೆ ಮೊಳಕಿ ಇಲ್ಲ, ಒಡೆದ ಬ್ಯಾಳಿಗೂ ಇಲ್ಲ, ಅವು ಕೊಳೆತು ವಾಸನಿ ಬರ್ತದ. ಬೀಜದ ಅಂಗಡ್ಯಾಗ ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜ ಸಿಗ್ತಾವ, ಅವು ಔಷಧ ಹಚ್ಚಿದ್ದು, ಪೂಜಿಗೆ ಬ್ಯಾಡ. ನಾಲ್ಕು ದಿನ ಮೊದಲ ಇಪ್ಪತ್ತು ಗೋಧಿ ಕಾಳು ಒದ್ದಿ ಬಟ್ಟಿಯೊಳಗ ಕಟ್ಟಿಡ್ರಿ. ಹದಿನೈದಕ್ಕಿಂತ ಕಡಿಮಿ ಮೊಳಕಿ ಬಂದ್ರ ಆ ಗೋಧಿ ಹಳೇದು, ಬದಲಿಸ್ರಿ.

ಅಮಾಸಿ ರಾತ್ರಿ ನೆನೆ ಹಾಕ್ರಿ, ಎಳ್ಳು ಮಾತ್ರ ನೆನೆಸಬ್ಯಾಡ್ರಿ. ಬಿತ್ತಿದ ಮ್ಯಾಲ ಅರ್ಧ ಇಂಚು ಮಣ್ಣು ಮುಚ್ಚಿ ಕೈಲೆ ನೀರು ಚಿಮುಕಿಸ್ರಿ. ದಿನಾ ಮೂರು-ನಾಲ್ಕು ಚಮಚ ನೀರು ಸಾಕು. ಭಕ್ತಿಯಿಂದ ಬಂದೋರೆಲ್ಲಾ ಒಂದೊಂದು ಉದ್ಧರಣಿ ಹಾಕ್ತಾರ, ಅಲ್ಲೇ ಘಟ್ಟ ಕೆಡೋದು. ಮೂರನೇ ದಿನಕ್ಕ ಬಿಳಿ ಬೂಸಲು ಬರ್ತದ. ಒಬ್ಬರಿಗೇ ನೀರಿನ ಜವಾಬ್ದಾರಿ ಕೊಡ್ರಿ. ಬೂಸಲು ಕಂಡ್ರ ಎರಡು ದಿನ ನೀರು ನಿಲ್ಲಿಸಿ, ಮ್ಯಾಲ ಚೂರು ಅರಿಷಿಣ ಪುಡಿ ಉದುರಿಸ್ರಿ. ಸಸಿ ಹಸಿರಿರದ ಹಳದಿ ಬಂತು ಅಂತ ಹೆದರಬ್ಯಾಡ್ರಿ. ಬಿಸಿಲಿಲ್ಲದ ಜಾಗಾದಾಗ ಬೆಳೆದದ್ದು ಹಂಗ ಇರ್ತದ. ಆ ಬಂಗಾರದ ಬಣ್ಣಾನ ಬೇಕಾಗಿದ್ದು.

ದಿನಕ್ಕೊಂದು ಮಾಲಿ ಮ್ಯಾಲಿಂದ ಘಟ್ಟದ ಮ್ಯಾಲ ಇಳಿಬಿಡ್ರಿ, ಹಿಂದಿನ ದಿನದ್ದು ತೆಗೀಬ್ಯಾಡ್ರಿ. ಗುರೆಳ್ಳು ಹೂ ಸಿಕ್ಕರ ಭಾಳ ಶ್ರೇಷ್ಠ, ಇಲ್ಲಿ ಮರಾಠ್ಯಾಗ ಅದಕ್ಕ ಕಾರಳಾ ಅಂತಾರ, ಪುಣೆ ಮಂಡಈ ಹತ್ರ ಆ ದಿನಗಳೊಳಗ ಬರ್ತದ. ಇಲ್ಲಾಂದ್ರ ಚೆಂಡುಹೂ.

ಡೊಂಬಿವಲಿ_ಮೈಸೂರು
ಮೇಲಿನವರು ಹೇಳಿದ ಗುರೆಳ್ಳು ನಮ್ಮ ಕಡೆ ಹುಚ್ಚೆಳ್ಳು. ಹೂವಾಡಿಗರಿಗೆ ಕಾರಳಾ ಎಂದರೆ ಮಾತ್ರ ತಿಳಿಯುತ್ತದೆ.

ಅಲಂಕಾರದ ಬಗ್ಗೆ ಬರೆಯುತ್ತೇನೆ. ನವದುರ್ಗೆಯನ್ನೇ ಆರಿಸಿದರೆ ಒಂದೇ ಮೂರ್ತಿಯಲ್ಲಿ ಒಂಬತ್ತನ್ನೂ ತೋರಿಸುವುದು ಕಷ್ಟ, ಏಕೆಂದರೆ ಕೈಗಳ ಸಂಖ್ಯೆಯೇ ಬೇರೆ. ಶೈಲಪುತ್ರಿಗೆ ಎರಡು ಕೈ, ಚಂದ್ರಘಂಟೆಗೆ ಹತ್ತು, ಕೂಷ್ಮಾಂಡೆಗೆ ಎಂಟು, ಸ್ಕಂದಮಾತೆಗೆ ನಾಲ್ಕು. ಮೂರ್ತಿಕಾರರಿಗೆ ಈಗಲೇ ಹೇಳಿ: ಎರಡು ಕೈ ಸ್ಥಿರವಾಗಿರಲಿ, ಬೆನ್ನ ಹಿಂದೆ ಉಳಿದ ಕೈಗಳನ್ನು ಮರದ ಹಲಗೆಯ ಮೇಲೆ ಜೋಡಿಸಿ ಕೊಡಲಿ, ದಿನಕ್ಕೆ ಬೇಕಾದಷ್ಟು ತೋರಿಸಿ ಉಳಿದದ್ದನ್ನು ಸೆರಗಿನಿಂದ ಮುಚ್ಚಬಹುದು. ಆಯುಧಗಳನ್ನು ಮಣ್ಣಿನ ಮುಷ್ಟಿಗೆ ಒತ್ತಿ ತುರುಕಬೇಡಿ, ಬೆರಳು ಮುರಿಯುತ್ತದೆ. ಮುಷ್ಟಿಯಲ್ಲಿ ಮೊದಲೇ ತೂತು ಬಿಡಿಸಬೇಕು.

ಅದಲುಬದಲಾಗುವ ರೂಪಗಳು ಎರಡು. ಶೈಲಪುತ್ರಿ, ಮಹಾಗೌರಿ ಇಬ್ಬರಿಗೂ ಎತ್ತೇ ವಾಹನ. ಶೈಲಪುತ್ರಿಯ ಕೈಯಲ್ಲಿ ತ್ರಿಶೂಲ, ಕಮಲ. ಮಹಾಗೌರಿಗೆ ನಾಲ್ಕು ಕೈ, ತ್ರಿಶೂಲದ ಜೊತೆ ಡಮರು, ಅಭಯ, ವರದ, ಉಟ್ಟದ್ದೆಲ್ಲ ಬಿಳಿ. ಇನ್ನು ಕಾಳರಾತ್ರಿಗೆ ವಾಹನ ಕತ್ತೆ. ಅಲಂಕಾರ ಮಾಡುವವರು ಮುಜುಗರಪಟ್ಟು ಸಿಂಹ ಇಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಅವಳ ಗುರುತೇ ಅದು. ಬಿಚ್ಚಿದ ಕೂದಲು, ಮೂರು ಕಣ್ಣು, ಕಪ್ಪು ಮೈ ಇದ್ದರೂ ಎರಡು ಕೈ ವರದ-ಅಭಯ. ಶುಭಂಕರಿ ಎಂಬುದೂ ಅವಳದೇ ಹೆಸರು. ಬ್ರಹ್ಮಚಾರಿಣಿಗೆ ವಾಹನವೇ ಇಲ್ಲ, ಬರಿಗಾಲು, ಜಪಮಾಲೆ, ಕಮಂಡಲು. ಆ ದಿನ ಒಡವೆ ಹೇರುವುದು ರೂಪಕ್ಕೆ ವಿರೋಧ.

ಮಣ್ಣಿನ ಮೂರ್ತಿಗೆ ಅರಿಶಿನದ ಅಲಂಕಾರ, ಬೆಣ್ಣೆ ಅಲಂಕಾರ ಬೇಡವೇ ಬೇಡ. ಒದ್ದೆಗೆ ಬಣ್ಣ ಏಳುತ್ತದೆ, ಮುಂಬೈಯ ಅಕ್ಟೋಬರ್ ಸೆಕೆಗೆ ಬೆಣ್ಣೆ ಇಳಿಯುತ್ತದೆ. ಗಂಧದ ಅಲಂಕಾರ ಬೇಕೆಂದಿದ್ದರೆ ಲೋಹದ ಮುಖವಾಡಕ್ಕೆ ಮಾಡಿ, ಮೂರು ತೆಳು ಪದರದಲ್ಲಿ, ಒಂದು ಒಣಗಿದ ಮೇಲೆ ಇನ್ನೊಂದು. ದಪ್ಪವಾಗಿ ಒಂದೇ ಸಲ ಮೆತ್ತಿ ಫ್ಯಾನ್ ಹಾಕಿದರೆ ಮಂಗಳಾರತಿಯ ಹೊತ್ತಿಗೆ ಬಿರುಕು.

ಮುಲುಂಡ್_ಉಡುಪಿ
ನವದುರ್ಗೆಯೇ ಆಗಬೇಕೆಂದು ಇಲ್ಲವಲ್ಲ. ಶೃಂಗೇರಿಯಲ್ಲಿ ಶಾರದೆಗೆ ಹಂಸವಾಹನದ ಬ್ರಾಹ್ಮಿ, ವೃಷಭವಾಹನದ ಮಾಹೇಶ್ವರಿ, ನವಿಲಿನ ಮೇಲಿನ ಕೌಮಾರಿ, ಗರುಡನ ಮೇಲಿನ ವೈಷ್ಣವಿ, ಆಮೇಲೆ ಇಂದ್ರಾಣಿ, ಮೋಹಿನಿ, ವೀಣಾ ಶಾರದೆ ಹೀಗೆ ಅಲಂಕಾರ ನಡೆಯುತ್ತದೆ. ಇವರಲ್ಲಿ ಬ್ರಾಹ್ಮಿಯಿಂದ ಇಂದ್ರಾಣಿವರೆಗಿನವರು ಮಾತೃಕೆಯರು. ಸಪ್ತಶತಿಯ 8ನೇ ಅಧ್ಯಾಯದಲ್ಲಿ ರಕ್ತಬೀಜಾಸುರನ ಎದುರು ಆಯಾ ದೇವರ ಶಕ್ತಿ ಆಯಾ ದೇವರ ವಾಹನ, ಆಯುಧ ಹಿಡಿದೇ ಹೊರಟು ಬರುವುದು. ವಾಹನ ಬದಲಿಸಿದರೆ ರೂಪ ಬದಲಾಯಿತು, ಆದ್ದರಿಂದ ಒಂದೇ ಮೂರ್ತಿಗೆ ಇದು ಹೇಳಿ ಮಾಡಿಸಿದ ಕ್ರಮ. ನಾಲ್ಕು ಕೈ ಇದ್ದರೆ ಸಾಕು, ವಾಹನಗಳನ್ನು ಥರ್ಮಾಕೋಲ್ ಬಿಟ್ಟು ಕಾಗದದ ತಿರುಳಿನಲ್ಲಿ ಮಾಡಿಸಿ ಪೀಠದ ಮುಂದೆ ಇಡಬಹುದು.

ನಮ್ಮ ಕರಾವಳಿಯವರು ಸರಸ್ವತಿಯನ್ನು ತಿಥಿ ನೋಡಿ ಕೂರಿಸುವುದಿಲ್ಲ, ನಕ್ಷತ್ರ ನೋಡುತ್ತೇವೆ. ಮೂಲಾ ನಕ್ಷತ್ರದಲ್ಲಿ ಆವಾಹನೆ, ಪೂರ್ವಾಷಾಢದಲ್ಲಿ ಪೂಜೆ, ಶ್ರವಣದಲ್ಲಿ ವಿಸರ್ಜನೆ. ಪುಸ್ತಕ ಇಡುವವರಿಗೆ ಏಳನೆಯ ದಿನ ಬನ್ನಿ ಎಂದು ಹೇಳಿಬಿಟ್ಟರೆ ಕೆಲವು ವರ್ಷ ಹೊಂದುವುದಿಲ್ಲ.

ಪಿಂಪ್ರಿ_ಕಲಬುರಗಿ
ಎಲ್ಲರೂ ಪಟ್ಟಿಯ ಬಗ್ಗೆ ಬರೆದಿದ್ದೀರಿ. ಈ ಮೂವತ್ತು ಮನೆಗಳಿಗೂ ಒಂದೊಂದು ಕುಲದೇವಿ ಇರುತ್ತಾಳಲ್ಲ, ಅದನ್ನು ಮೊದಲು ಕೇಳಿ. ನಮ್ಮ ಭಾಗದ ಎಷ್ಟೋ ಮನೆತನಗಳಿಗೆ ತುಳಜಾಪುರದ ಅಂಬಾಭವಾನಿ, ಕೊಲ್ಲಾಪುರದ ಮಹಾಲಕ್ಷ್ಮಿ, ಮಾಹೂರಿನ ರೇಣುಕೆ. ಮಹಾರಾಷ್ಟ್ರದಲ್ಲಿ ಮೂರೂವರೆ ಶಕ್ತಿಪೀಠ ಎನ್ನುವುದು ಈ ಮೂರು, ಜೊತೆಗೆ ಅರ್ಧ ಪೀಠ ವಣಿಯ ಸಪ್ತಶೃಂಗಿ. ಮಾಹೂರಿನ ರೇಣುಕೆಯೇ ಸವದತ್ತಿಯಲ್ಲಿ ಎಲ್ಲಮ್ಮ.

ಕೊಲ್ಲಾಪುರದ ಮೂರ್ತಿ ನೋಡಿ: ಕೈಗಳಲ್ಲಿ ಮಾದಲಹಣ್ಣು, ಗದೆ, ಗುರಾಣಿ, ಪಾನಪಾತ್ರೆ, ತಲೆಯ ಮೇಲೆ ನಾಗ, ಲಿಂಗ, ಹಿಂದೆ ಸಿಂಹ. ಸಪ್ತಶತಿಯ ಕೊನೆಯಲ್ಲಿ ಓದುವ ಪ್ರಾಧಾನಿಕ ರಹಸ್ಯದಲ್ಲಿ ಹೇಳಿದ ಆದಿಶಕ್ತಿ ಮಹಾಲಕ್ಷ್ಮಿಯ ಲಕ್ಷಣ ಇದೇ. ಸಪ್ತಶೃಂಗಿಯ ಹದಿನೆಂಟು ಕೈಗಳು ಮಧ್ಯಮ ಚರಿತದ ಧ್ಯಾನಕ್ಕೆ ಸರಿಹೊಂದುತ್ತವೆ. ತುಳಜಾಪುರದವಳು ಎಂಟು ಕೈಯ ಮಹಿಷಮರ್ದಿನಿ, ಅಲ್ಲಿಯದು ಚಲಮೂರ್ತಿ, ಅಂದರೆ ಪೀಠದಿಂದ ಎತ್ತಿ ಕದಲಿಸಬಹುದಾದದ್ದು. ನವರಾತ್ರಿಗೆ ಮೊದಲು ಭಾದ್ರಪದ ಬಹುಳ ಅಷ್ಟಮಿಯಿಂದ ದೇವಿಯನ್ನು ಮಂಚದ ಮೇಲೆ ಮಲಗಿಸುತ್ತಾರೆ, ಪಾಡ್ಯಕ್ಕೆ ಎಬ್ಬಿಸಿ ಸಿಂಹಾಸನಕ್ಕೆ ತರುತ್ತಾರೆ. ದಸರೆಯ ಸೀಮೋಲ್ಲಂಘನವಾದ ಮೇಲೆ ಹುಣ್ಣಿಮೆಯವರೆಗೆ ಮತ್ತೆ ನಿದ್ರೆ, ಅದು ಯುದ್ಧದ ಆಯಾಸದ ನಿದ್ರೆ. ಅಲ್ಲಿನ ನವರಾತ್ರಿ ಅಲಂಕಾರಗಳು ರಥ, ಮುರಳಿ, ಶೇಷಶಾಯಿ, ಭವಾನಿ ತಲವಾರ, ಮಹಿಷಾಸುರಮರ್ದಿನಿ. ಇಷ್ಟು ದೊಡ್ಡ ಪೀಠದಲ್ಲೇ ಶೈಲಪುತ್ರಿ-ಬ್ರಹ್ಮಚಾರಿಣಿ ಕ್ರಮ ಇಲ್ಲ. ಅದನ್ನು ಮಾಡದಿದ್ದರೆ ಪೂಜೆಗೆ ಊನವಾಯಿತು ಎಂದು ಯಾರೂ ಅಂಜಬೇಕಿಲ್ಲ.

ಉಡಿ ತುಂಬಲು ಬರುವವರಿಗೆ ಸಾಮಾನಿನ ಚೀಟಿ ಕೊಟ್ಟುಬಿಡಿ: ಹತ್ತಿ ಇಲ್ಲವೆ ರೇಷ್ಮೆಯ ಸೀರೆ, ಖಣ, ಜುಟ್ಟಿನ ತೆಂಗಿನಕಾಯಿ, ಐದು ಮುಷ್ಟಿ ಅಕ್ಕಿ (ಗೋಧಿ ಹಾಕುವವರು ಗೋಧಿ), ಅರಿಷಿಣಬೇರು, ಅಡಿಕೆ, ಉತ್ತತ್ತಿ, ಬದಾಮಿ, ಹಸಿರು ಬಳೆ, ಹೂವು. ಕಾಯಿಯ ಜುಟ್ಟು ದೇವಿಯ ಕಡೆಗೆ ಇರಬೇಕು, ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಅರ್ಪಿಸಬೇಕು. ಅಕ್ಕಿ ಬೇರೆ ಡಬ್ಬಕ್ಕೆ, ಸೀರೆ ಬೇರೆ ಬುಟ್ಟಿಗೆ ಆಗಾಗ ತೆಗೆಯದಿದ್ದರೆ ಅಷ್ಟಮಿಯ ದಿನ ಎಲ್ಲ ಕುಂಕುಮದಲ್ಲಿ ಕಲಸಿ ಸೀರೆಗಳು ಹಾಳಾಗುತ್ತವೆ.

ಫೋಂಡ_ಕಾರವಾರ
ಗೋವಾದ ದೇವಿಯರನ್ನು ಬಿಟ್ಟರೆ ಈ ಚರ್ಚೆ ಅರ್ಧವೇ ಆಗುತ್ತದೆ, ಕಾರವಾರ-ಅಂಕೋಲೆಯ ಎಷ್ಟೋ ಮನೆಗಳ ಕುಲದೇವಿಯರು ಇಲ್ಲಿದ್ದಾರೆ. ಕವಳೆಯ ಶಾಂತಾದುರ್ಗೆ ಹರಿಹರರ ಯುದ್ಧದ ನಡುವೆ ನಿಂತು ಇಬ್ಬರನ್ನೂ ಶಾಂತಗೊಳಿಸಿದವಳು, ಆ ಇಬ್ಬರ ಗುರುತಾಗಿ ಎರಡು ಕೈಯಲ್ಲಿ ಎರಡು ಸರ್ಪ. ಅವಳ ಎದುರು ಮಹಿಷವಧೆಯ ಅಲಂಕಾರ ಕಲ್ಪಿಸಿಕೊಳ್ಳುವುದೂ ಕಷ್ಟ. ಹಳ್ಳಿಗಳಲ್ಲಿ ಅವಳೇ ಸಾತೇರಿ, ಅಲ್ಲಿ ಮೂರ್ತಿಯ ಬದಲು ಹುತ್ತಕ್ಕೆ ಪೂಜೆ. ಪೋರ್ಚುಗೀಸರು ಗುಡಿಗಳನ್ನು ಕೆಡವಿದ 16ನೇ ಶತಮಾನದಲ್ಲಿ ಕೇಳೋಶಿಯಿಂದ ಕವಳೆಗೆ ಶಾಂತಾದುರ್ಗೆ, ವೆರ್ಣೆಯಿಂದ ಮಾರ್ದೋಳಕ್ಕೆ ಮಹಾಲಸೆ, ರಾಯದಿಂದ ಶಿರೋಡೆಗೆ ಕಾಮಾಕ್ಷಿ ಬಂದರು.

ಮಹಾಲಸೆಯ ವಿಷಯದಲ್ಲಿ ಎಚ್ಚರ ಬೇಕು. ಮಾರ್ದೋಳದ ಮಹಾಲಸಾ ನಾರಾಯಣಿ ವಿಷ್ಣುವಿನ ಮೋಹಿನಿ ರೂಪ, ಆದ್ದರಿಂದ ಅವಳಿಗೆ ಜನಿವಾರ ಇದೆ. ನಾಲ್ಕು ಕೈಗಳಲ್ಲಿ ತ್ರಿಶೂಲ, ಖಡ್ಗ, ರುಂಡ, ಪಾತ್ರೆ. ಪುಣೆಯ ಹತ್ತಿರದ ಜೇಜುರಿಯಲ್ಲಿ ಖಂಡೋಬನ ಹೆಂಡತಿ ಮ್ಹಾಳಸಾ ಪಾರ್ವತಿಯ ಅವತಾರ, ನಮ್ಮ ಮೈಲಾರಲಿಂಗನ ಗಂಗಿಮಾಳವ್ವ ಈ ಮ್ಹಾಳಸೆಯ ಕಡೆಯವಳು, ಮಾರ್ದೋಳದವಳ ಕಡೆಯವಳಲ್ಲ. ಹೆಸರು ಒಂದೇ ಎಂದು ಒಬ್ಬಳ ಅಷ್ಟೋತ್ತರ ಇನ್ನೊಬ್ಬಳಿಗೆ ಹೇಳುವುದನ್ನು ಮುಂಬೈಯ ಮನೆಗಳಲ್ಲಿ ಕಾಣುತ್ತೇವೆ.

ಇಲ್ಲಿ ನವರಾತ್ರಿಯ ರಾತ್ರಿಗಳಲ್ಲಿ ಮಖರೋತ್ಸವ. ಸಿಂಗರಿಸಿದ ಮರದ ಮಖರದಲ್ಲಿ (ತೂಗುವ ಮಂಟಪ) ಉತ್ಸವಮೂರ್ತಿಯನ್ನಿಟ್ಟು ವಾದ್ಯದ ತಾಳಕ್ಕೆ ತೂಗುತ್ತಾ ಆರತಿ ಮಾಡುತ್ತಾರೆ.

ಠಾಣೆ_ಘೋಡಬಂದರ್
ಎಲ್ಲರಿಗೂ ವಂದನೆಗಳು. ಹಾಗಾದರೆ ಇಷ್ಟೊಂದು ರೂಪಗಳನ್ನು ಒಂದೇ ಮಂಟಪದಲ್ಲಿ ಒಟ್ಟಿಗೆ ಪೂಜಿಸಲು ಆಧಾರ ಏನು? ಮತ್ತೆ ಸಪ್ತಶತಿಯ ಪಾರಾಯಣವನ್ನು ಏಳು ದಿನಕ್ಕೆ ಹಂಚಬಹುದೆ? ನಂದಾದೀಪಕ್ಕೆ ಸೊಸೈಟಿಯ ಕಮಿಟಿಯವರು ಬೆಂಕಿಯ ಭಯ ಹೇಳುತ್ತಿದ್ದಾರೆ.

ಮಾಟುಂಗ_ಪಾರಾಯಣ
ಆಧಾರ ಸಪ್ತಶತಿಯ 10ನೇ ಅಧ್ಯಾಯ. ಇತರರ ಬಲ ನೆಚ್ಚಿ ಹೋರಾಡುತ್ತೀಯೆ ಎಂದು ಶುಂಭ ಹಂಗಿಸಿದಾಗ, ಈ ಜಗತ್ತಿನಲ್ಲಿ ನಾನೊಬ್ಬಳೇ, ಇವರೆಲ್ಲ ನನ್ನ ವಿಭೂತಿಗಳು, ನನ್ನದೇ ರೂಪಗಳು ಎಂದು ದೇವಿ ಹೇಳುತ್ತಾಳೆ, ಬ್ರಾಹ್ಮಿ ಮೊದಲಾದವರೆಲ್ಲ ಅವಳ ಮೈಯಲ್ಲಿ ಸೇರಿಹೋಗುತ್ತಾರೆ. 11ನೇ ಅಧ್ಯಾಯದಲ್ಲಿ ಮುಂದೆ ತಾಳುವ ರೂಪಗಳನ್ನೂ ಅವಳೇ ಹೇಳುತ್ತಾಳೆ: ರಕ್ತದಂತಿಕೆ, ಶತಾಕ್ಷಿ, ಶಾಕಂಭರಿ, ಭೀಮಾ, ಭ್ರಾಮರಿ. ಶಾಕಂಭರಿ ನಮಗೆ ಬಾದಾಮಿಯ ಬನಶಂಕರಿ. ದುಂಬಿಯಾಗಿ ಅರುಣಾಸುರನನ್ನು ಕೊಂದ ಭ್ರಾಮರಿ ಕಟೀಲಿನವಳು. ನಿಮ್ಮ ಮೂವತ್ತು ಮನೆಯ ಕುಲದೇವಿಯರ ಹೆಸರನ್ನು ಸಂಕಲ್ಪದಲ್ಲಿ ಸೇರಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಡ. ರೂಪಗಳನ್ನು ಕೂಡಿಸಬಹುದು, ಒಂದು ರೂಪದ ಲಕ್ಷಣವನ್ನು ಇನ್ನೊಂದಕ್ಕೆ ತೊಡಿಸಬಾರದು.

ಪಾರಾಯಣ ಏಳು ದಿನಕ್ಕೆ ಹೀಗೆ: ಒಂದು, ಎರಡು, ಒಂದು, ನಾಲ್ಕು, ಎರಡು, ಒಂದು, ಎರಡು ಅಧ್ಯಾಯ. ಅಂದರೆ ಮೊದಲ ದಿನ 1, ಆಮೇಲೆ 2-3, ಆಮೇಲೆ 4, ನಂತರ 5ರಿಂದ 8, ನಂತರ 9-10, ನಂತರ 11, ಕೊನೆಗೆ 12-13. ಭಾರವಾದದ್ದು ನಾಲ್ಕನೆಯ ದಿನ, 129, 24, 27, 63 ಸೇರಿ 243 ಮಂತ್ರ. ಆ ದಿನ ಅನುಭವಸ್ಥರನ್ನು ಕೂರಿಸಿ. ಎಣಿಸಿದರೆ ಶ್ಲೋಕ ಕಡಿಮೆ ಬರುತ್ತವಲ್ಲ ಎಂದು ಕೇಳುವವರಿಗೆ: ಅರ್ಧಶ್ಲೋಕ, ಇಂಥವರು ಹೇಳಿದರು ಎಂಬ ಉವಾಚಗಳನ್ನೂ ಮಂತ್ರವಾಗಿ ಎಣಿಸಿಯೇ 700. ದಿನವೂ ಕವಚ, ಅರ್ಗಲಾ, ಕೀಲಕ ಎಂಬ ಸ್ತೋತ್ರಗಳು, ನವಾರ್ಣ (ದೇವಿಯ ಒಂಬತ್ತಕ್ಷರದ ಮಂತ್ರ) ಜಪ 108, ಆ ದಿನದ ಅಧ್ಯಾಯ, ಮತ್ತೆ ನವಾರ್ಣ 108. ಅಧ್ಯಾಯದ ನಡುವೆ ಏಳಬಾರದು. ಎದ್ದರೆ ಆ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ಪುಸ್ತಕ ಕೈಯಲ್ಲಿ ಹಿಡಿಯದೆ ವ್ಯಾಸಪೀಠದ ಮೇಲಿಡಿ.

ಕೊಥ್ರೂಡ್_ಧಾರವಾಡ
ದೀಪದ್ದು ನಾ ಹೇಳ್ತೀನ್ರಿ. ಭಯ ಸುಳ್ಳಲ್ಲ, ಕಮಿಟಿಯವರು ಹೇಳೋದು ಖರೇನ ಅದ. ಅಗಲ ಸ್ಟೀಲ್ ಪರಾತದಾಗ ಉಸುಕು ಹಾಕಿ ಅದರ ಮ್ಯಾಲ ಸಮೆ (ದೀಪದ ಕಂಬ) ಇಡ್ರಿ, ಸುತ್ತ ಗಾಜಿನ ಚಿಮಣಿ, ಕೆಳಗ ಗಾಳಿ ಆಡಲಿಕ್ಕೆ ಜಾಗಾ. ಪರದೆ, ಕಾಗದದ ಅಲಂಕಾರ ಮೂರು ಅಡಿ ದೂರ. ಮಾಲಿ ಇಳಿಬಿಡೋ ದಾರ ದೀಪದ ಮ್ಯಾಲ ಬರಬಾರದು. ತುಪ್ಪ ಬ್ಯಾಡ, ಎಸಿ ಹಚ್ಚಿದ್ರ ಗಟ್ಟಿಯಾಗಿ ಬತ್ತಿಗೆ ಏರೂದಿಲ್ಲ, ಎಳ್ಳೆಣ್ಣಿ ಚಲೋ. ಎರಡು ದಿನ ಮೊದಲ ನೂರು ಮಿಲಿ ಎಣ್ಣಿ ಹಾಕಿ ಎಷ್ಟು ತಾಸು ಉರೀತದ ನೋಡ್ರಿ, ಅದರ ಲೆಕ್ಕದ ಮ್ಯಾಲ ರಾತ್ರಿ ಕಾವಲಿನವರ ಪಾಳಿ ಹಾಕ್ರಿ. ಬತ್ತಿ ಕರಿಕಟ್ಟಿತು ಅಂದ್ರ ಅದರಿಂದನ ಪಕ್ಕದ ಸಣ್ಣ ದೀಪ ಹಚ್ಚಿಕೊಂಡು, ಹೊಸ ಬತ್ತಿ ಹಾಕಿ ಮತ್ತ ಹಚ್ಚಬೇಕು. ಘಟ್ಟದ ಮ್ಯಾಲಿನ ಕಾಯಿ ಸೀಳತದ ಅಂತ ಜನ ಅಪಶಕುನ ಅಂತಾರ. ದೀಪದ ಝಳ ತಾಗಿ ಒಣಗಿದ ಕಾಯಿ ಸೀಳೋದು ಸಹಜ, ದೀಪ ದೂರ ಸರಿಸ್ರಿ ಅಷ್ಟ.

ದಸರಾಕ್ಕ ಬನ್ನಿ ಕೊಡೋದಿದ್ರ ಇನ್ನೊಂದು. ಇಲ್ಲಿ ಮಾರೋದು ಬನ್ನಿ ಅಲ್ಲ, ಆಪಟಾ. ನಡುವ ಸೀಳಿ ಎರಡು ಹೋಳು ಕೂಡಿದಂಥ ಎಲಿ. ಅದಕ್ಕ ಸೋನಾ ಅಂತಾರ. ಬನ್ನಿ ಮುಳ್ಳಿನ ಗಿಡ, ಸಣ್ಣ ಸಣ್ಣ ಎಲಿ. ಆಪಟಾ ಅಂತ ಹೇಳಿ ಕಂಚುವಾಳದ ದೊಡ್ಡ ಎಲಿನೂ ಮಾರ್ತಾರ, ಎಲಿ ಅಂಗೈ ಅಗಲ ಇದ್ರ ತಗೋಬ್ಯಾಡ್ರಿ. ಬನ್ನಿನ ಬೇಕಂದ್ರ ನರ್ಸರಿಯಿಂದ ಶಮಿ ಕುಂಡಿ ತಂದು ಮಂಟಪದಾಗ ಇಟ್ಟು ಪೂಜಿ ಮಾಡ್ರಿ.

ಠಾಣೆ_ಘೋಡಬಂದರ್
ನಿರ್ಧಾರ ಹೀಗಾಗಿದೆ: ಮಾತೃಕೆಯರ ಕ್ರಮದಲ್ಲಿ ಅಲಂಕಾರ, ಮೂಲೆಯಲ್ಲಿ ಘಟ್ಟ, ಸಂಕಲ್ಪದಲ್ಲಿ ಎಲ್ಲರ ಕುಲದೇವಿಯರ ಹೆಸರು, ಏಳು ದಿನದ ಪಾರಾಯಣ, ಅಷ್ಟಮಿಗೆ ಒಂಬತ್ತು ಹುಡುಗಿಯರ ಕುಮಾರಿ ಪೂಜೆ. ಬೆಂಗಳೂರಿನ ಪಂಚಾಂಗ ನೋಡಿ ಮೂಲಾ ನಕ್ಷತ್ರದ ದಿನವನ್ನು ಗುರುತಿಸಿದ್ದೇವೆ.

ಮುಲುಂಡ್_ಉಡುಪಿ
ಪಂಚಾಂಗ ಒಂದನ್ನು ಬದಲಿಸಿ. ತಿಥಿ, ನಕ್ಷತ್ರ ಮುಗಿಯುವ ಗಳಿಗೆ ಎರಡೂ ಊರಿಗೆ ಒಂದೇ, ಆದರೆ ಮುಂಬೈಯಲ್ಲಿ ಸೂರ್ಯ ಹುಟ್ಟುವುದು ಬೆಂಗಳೂರಿಗಿಂತ ಸುಮಾರು ಇಪ್ಪತ್ತು ನಿಮಿಷ ತಡ. ಬೆಳಗಿನ ಆರೂಕಾಲರ ಸುಮಾರಿಗೆ ತಿಥಿ ಬದಲಾಗುವ ವರ್ಷ ಅಲ್ಲಿ ಅಷ್ಟಮಿ, ಇಲ್ಲಿ ನವಮಿ ಎಂದಾಗುತ್ತದೆ. ಸೊಲ್ಲಾಪುರದ ದಾತೆ ಪಂಚಾಂಗ ಅಥವಾ ಕನ್ನಡದಲ್ಲೂ ಸಿಗುವ ಕಾಲನಿರ್ಣಯದ ಜೊತೆ ಒಮ್ಮೆ ತಾಳೆ ನೋಡಿ.

ಕುಮಾರಿ ಪೂಜೆಗೆ ವಯಸ್ಸು ಬರೆದುಕೊಳ್ಳಿ, ಹೆಸರು ಅದಕ್ಕೆ ತಕ್ಕಂತೆ: ಎರಡು ವರ್ಷಕ್ಕೆ ಕುಮಾರಿ, ಮೂರಕ್ಕೆ ತ್ರಿಮೂರ್ತಿ, ನಾಲ್ಕಕ್ಕೆ ಕಲ್ಯಾಣಿ, ಐದಕ್ಕೆ ರೋಹಿಣಿ, ಆರಕ್ಕೆ ಕಾಲಿಕಾ, ಏಳಕ್ಕೆ ಚಂಡಿಕಾ, ಎಂಟಕ್ಕೆ ಶಾಂಭವಿ, ಒಂಬತ್ತಕ್ಕೆ ದುರ್ಗಾ, ಹತ್ತಕ್ಕೆ ಸುಭದ್ರಾ. ಮಕ್ಕಳಿಗೆ ಊಟ ಹನ್ನೆರಡರೊಳಗೆ ಬಡಿಸಿ. ಪೂಜೆ ಎಳೆದು ಎರಡು ಗಂಟೆ ಮಾಡಿದರೆ ಎರಡು ವರ್ಷದ ಕುಮಾರಿ ಹಸಿದು ಅಳುತ್ತಾಳೆ, ಆ ಹೊತ್ತಿಗೆ ಪೂಜೆಗೊಳ್ಳುವ ದೇವಿ ಅವಳೇ.